ಹಗ್ಗದ ಲಿನಾರ್ದೋಸನೂ ಹೆಸರೆತ್ತಬಾರದ ಕಾಯಿಲೆಯೂ

ಸೆರಿಫೋಸ್ ದ್ವೀಪದ ಲಿವಾದಿ ಬಂದರಿನಲ್ಲಿ ಹಡಗಿನ ಹಗ್ಗ ಹಿಡಿಯುವ ಕೆಲಸ ಲಿನಾರ್ದೋಸನದು. ಆಚೆ ದಡದ ದೊಡ್ಡ ಬಂದರು ಪಿರೇಯಸ್ಸಿನಿಂದ ಬಂದ ಹಡಗು ತನ್ನ ಹಿಂಬದಿಯನ್ನು ಕಟ್ಟೆಗೆ ಒತ್ತರಿಸುವಾಗ ಮೇಲಿನಿಂದ ಎಸೆದ ಹಗ್ಗವನ್ನು ಹಿಡಿದು ಕಬ್ಬಿಣದ ಗೂಟಕ್ಕೆ ಸಿಕ್ಕಿಸುವುದು, ಹಡಗು ಹೊರಟಾಗ ಬಿಚ್ಚುವುದು, ಇಷ್ಟೇ. ಹರೆಯದಿಂದ ಇದನ್ನೇ ಮಾಡಿದ ಅವನ ಅಂಗೈ ಎಷ್ಟು ಗಟ್ಟಿಯಾಗಿತ್ತೆಂದರೆ, ಒಲೆಯ ಕೆಂಡವನ್ನು ಬರಿಗೈಯಲ್ಲಿ ಎತ್ತಿ ಪಕ್ಕದವನ ಸಿಗರೇಟು ಹಚ್ಚಿ, ಕೆಂಡದ ಯೋಗಕ್ಷೇಮ ವಿಚಾರಿಸಿ, ವಾಪಸ್ಸು ಇಡುತ್ತಿದ್ದ. ಒಂದು ಫೆಬ್ರವರಿಯ ಗಾಳಿಗೆ ಗುಡ್ಡದ ಮೇಲಿನ ಮೇಕೆಗಳೆಲ್ಲ ಹಾರಿಹೋಗಿ ಪಕ್ಕದ ಸಿಫ್ನೋಸ್ ದ್ವೀಪದಲ್ಲಿ ಇಳಿದವು. ಅವುಗಳ ಮಾಲೀಕರು ಮರುದಿನ ಟಿಕೆಟ್ಟು ಕೊಂಡು ಹೋಗಿ ಕರೆತರಬೇಕಾಯಿತು. ಆ ಗಾಳಿಯಲ್ಲೂ ಲಿನಾರ್ದೋಸ್ ಹಗ್ಗ ಬಿಡಲಿಲ್ಲ. ಅದರ ತುದಿಗೆ ಬಾವುಟದ ಹಾಗೆ ಅಡ್ಡಡ್ಡ ಹಾರಾಡುತ್ತಿದ್ದನಂತೆ. ನೋಡಿದವರು ಈಗ ಯಾರೂ ಬದುಕಿಲ್ಲವಾದ್ದರಿಂದ ಇದು ಪೂರ್ತಿ ನಿಜ.

ಅರವತ್ತು ದಾಟುವವರೆಗೆ ಒಂಟಿಯಾಗಿದ್ದ ಈ ಮನುಷ್ಯ ಬಂದರಿನ ಬ್ರೆಡ್ ಭಟ್ಟಿಯ ವಿಧವೆ ಮಾರುಸೋಳನ್ನು ಮದುವೆಯಾದಾಗ ದ್ವೀಪದ ಬಾಯೇ ಕಟ್ಟಿಹೋಯಿತು. ಮೂರು ದಿನ ಬರೀ ಕತ್ತೆಗಳು ಮಾತಾಡಿದವು. ನಾಲ್ಕನೆಯ ದಿನ ಜನ ಶುರುಮಾಡಿದ್ದು ಇನ್ನೂ ನಿಲ್ಲಿಸಿಲ್ಲ.

"ಏನೋ ಮದುಮಗಾ, ಸೊಂಟ ಹಿಡ್ಕೊಂಡು ಬರ್ತಿದೀಯ? ಹಗ್ಗ ಎಳೆದದ್ದಾ, ಬೇರೇನಾದ್ರೂ ಎಳೆದದ್ದಾ?" ಎಂದು ಕಾಫಿ ಅಂಗಡಿಯ ನಿಕಿತಾಸ್ ದಿನಾ ಬೆಳಿಗ್ಗೆ ಕೇಳುವನು.

"ನಿನ್ನೆ ನಿನ್ನ ಕಾಫಿ ಕುಡಿದೆನಲ್ಲ, ಅದು ಹೊಟ್ಟೆಗೆ ಇಳಿಯೋಕೆ ಒಪ್ತಾ ಇಲ್ಲ. ಮೇಲಿಂದ ತಳ್ತಾ ಇದೀನಿ."

ಮಾರುಸೋಳ ಮೊದಲ ಗಂಡ ಅಂದೋನಿಸ್ ಮೀನುಗಾರ, ಲಿನಾರ್ದೋಸನ ಜೀವದ ಗೆಳೆಯ. ಅವನು ಹೋದದ್ದು ಹೊಟ್ಟೆಯ ಕ್ಯಾನ್ಸರಿನಿಂದ. ಆದರೆ ಆ ಮಾತನ್ನು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. "ಆ ಕೆಟ್ಟದ್ದು" ಎಂದು ಹೇಳಿ ಎದೆಯ ಕಡೆ ಮೂರು ಸಲ ಉಗುಳಿಕೊಳ್ಳುತ್ತೇವೆ. ರೋಗಿಗಂತೂ ಹೇಳುವುದೇ ಇಲ್ಲ. ಡಾಕ್ಟರು ಹೆಂಡತಿಯನ್ನು ಮೂಲೆಗೆ ಕರೆದು ಹೇಳುತ್ತಾನೆ, ಹೆಂಡತಿ ಊರಿಗೆಲ್ಲ ಹೇಳುತ್ತಾಳೆ, ಊರೆಲ್ಲ ಸೇರಿ ಆ ಒಬ್ಬನಿಗೆ ಮಾತ್ರ ಹೇಳದೆ ಕಾಯುತ್ತದೆ. ಅಂದೋನಿಸನಿಗೆ "ಬರೀ ಹುಣ್ಣು, ಹಾಲು ಕುಡಿ" ಎಂದಿದ್ದರು. ಅವನ ಮೈ ಬಲೆಯ ಹಾಗೆ ಬರಿದಾಗುತ್ತಿದ್ದಾಗಲೂ ಮಾರುಸೋ ಹಾಸಿಗೆಯ ಪಕ್ಕ ಕುಳಿತು, ಬೇಸಿಗೆಗೆ ದೋಣಿಗೆ ಯಾವ ಬಣ್ಣ ಬಳಿಯೋಣ ಎಂದು ನಗುನಗುತ್ತ ಕೇಳುತ್ತಿದ್ದಳು. ಆ ನಗುವನ್ನು ಲಿನಾರ್ದೋಸ್ ಕಣ್ಣಾರೆ ನೋಡಿದ್ದ. ಭಟ್ಟಿಯಿಂದ ಆಗತಾನೆ ತೆಗೆದ ಬ್ರೆಡ್ಡಿನಷ್ಟು ಬೆಚ್ಚಗಿನ ನಗು. ಅದರೊಳಗೆ ಸುಳ್ಳಿದೆಯೆಂದು ದೇವರಿಗೂ ಗೊತ್ತಾಗುತ್ತಿರಲಿಲ್ಲ. ಅಂದೋನಿಸ್ ನೀಲಿ ಬಣ್ಣ ಎಂದು ಹೇಳಿ ಎರಡನೆಯ ವಾರಕ್ಕೆ ತೀರಿಕೊಂಡ.

ಅಷ್ಟಾದ ಮೇಲೆ ಲಿನಾರ್ದೋಸನ ಸರದಿ.

ಗುಡ್ಡದ ಮೇಲಿನ ಆರೋಗ್ಯ ಕೇಂದ್ರಕ್ಕೆ ಬಂದಿದ್ದ ಹೊರಗಿನ ವೈದ್ಯನೊಬ್ಬ, ವಯಸ್ಸಾದ ಗಂಡಸರೆಲ್ಲ ರಕ್ತ ಕೊಟ್ಟುಹೋಗಿ ಎಂದ. ಲಿನಾರ್ದೋಸನ ರಕ್ತದಲ್ಲಿ ಪ್ರಾಸ್ಟೇಟ್ ಗ್ರಂಥಿಯ ಅಂಕಿ ಏರಿತ್ತು. ಪಿರೇಯಸ್ಸಿಗೆ ಹೋಗಿ ಕೊಳವೆಯಂಥ ಯಂತ್ರದೊಳಗೆ ಮಲಗಿ ಚಿತ್ರ ತೆಗೆಸಿಕೊಂಡ. ಸೂಜಿ ಹಾಕಿ ಚೂರು ತೆಗೆದು ನೋಡಿದರು. ಹಡಗು ಕಂಪನಿಯಲ್ಲಿ ಹಗ್ಗದ ಕೆಲಸ ಎಂದು ಮಾರುಸೋಗೆ ಹೇಳಿದ್ದ. ಅಲ್ಲಿಯ ಡಾಕ್ಟರು ಹೆಂಗಸು, ಹೆಸರು ಥಾಲಿಯಾ, ವಯಸ್ಸು ಅವನ ಸೊಸೆಯಾಗಬಹುದಾದಷ್ಟು. ಅವಳು ಸುತ್ತುಬಳಸಲಿಲ್ಲ.

"ಕ್ಯಾನ್ಸರ್ ಇದೆ. ಚಿಕ್ಕದು, ಎಡಗಡೆ ಒಂದೇ ಜಾಗದಲ್ಲಿ. ಇನ್ನೂ ಮೊದಲ ಹಂತ. ಸುಮ್ಮನೆ ಬಿಡೋ ಜಾತಿಯದ್ದಲ್ಲ, ಆದ್ರೆ ಓಡಿಬಂದು ಕಚ್ಚೋ ಜಾತಿಯದ್ದೂ ಅಲ್ಲ. ಪೂರ್ತಿ ಗ್ರಂಥಿ ತೆಗೀಬಹುದು, ಕಿರಣ ಕೊಡಬಹುದು. ಇಲ್ಲಾ ಶಬ್ದದಿಂದ ಆ ಒಂದು ಜಾಗ ಮಾತ್ರ ಸುಡಬಹುದು."

"ಶಬ್ದದಿಂದ? ಕೂಗ್ತೀರಾ ಅದರ ಮೇಲೆ?"

"ನಾಯಿಗೂ ಕೇಳಿಸದಷ್ಟು ಮೇಲಿನ ಶ್ರುತಿಯ ಶಬ್ದ. ಭೂತಗನ್ನಡಿಯಲ್ಲಿ ಬಿಸಿಲು ಹಿಡಿದು ಒಣಹುಲ್ಲು ಸುಟ್ಟಿಲ್ವಾ ಚಿಕ್ಕವರಿದ್ದಾಗ? ಹಾಗೇನೆ. ಅಲೆಗಳೆಲ್ಲ ಒಂದೇ ಬಿಂದುವಿಗೆ ಬಂದು ಸೇರ್ತವೆ. ಅಲ್ಲಿ ಮಾತ್ರ ಬೇಯುತ್ತೆ. ಅಕ್ಕಿಕಾಳಿನಷ್ಟು ಒಂದು ಸಲಕ್ಕೆ. ಅಕ್ಕಪಕ್ಕದ ನರ ಉಳಿಯೋ ಸಾಧ್ಯತೆ ಹೆಚ್ಚು."

"ನರ ಅಂದ್ರೆ..."

"ಮೂತ್ರ ಹಿಡ್ಕೊಳ್ಳೋದಕ್ಕೆ ಬೇಕಾದ್ದು. ಗಂಡ ಆಗಿರೋದಕ್ಕೂ ಬೇಕಾದ್ದು."

ಲಿನಾರ್ದೋಸ್ ಕಿವಿಯವರೆಗೆ ಕೆಂಪಾದ. "ಕೊಳವೆ ಎಲ್ಲಿಂದ ಹಾಕ್ತೀರಿ ಡಾಕ್ಟ್ರಮ್ಮ?"

"ಹಿತ್ತಲ ಬಾಗಿಲಿನಿಂದ."

"ಹಡಗೂ ಹಾಗೇ ಬರೋದು," ಎಂದು ಅವನು ನಿಟ್ಟುಸಿರುಬಿಟ್ಟ. ಡಾಕ್ಟರು ನಕ್ಕಳು. ಆಮೇಲೆ ನಗು ನಿಲ್ಲಿಸಿ, ಇದು ಗ್ಯಾರಂಟಿಯ ಮಾತಲ್ಲ, ಸುಡದೆ ಬಿಟ್ಟ ಕಡೆ ಮತ್ತೆ ಹುಟ್ಟಬಹುದು, ಬದುಕಿರುವವರೆಗೂ ಪರೀಕ್ಷೆ ತಪ್ಪಿಸುವಂತಿಲ್ಲ ಎಂದೂ ಹೇಳಿದಳು. ಯಂತ್ರ ಒಂದೇ ಊರಿನಲ್ಲಿ ಇರುವುದಲ್ಲ. ವ್ಯಾನಿನಲ್ಲಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಸುತ್ತುತ್ತದೆ. ಮುಂದಿನ ಸಲ ಬರುವುದು ಈಸ್ಟರ್ ಕಳೆದ ಮೇಲೆ. ಲಿನಾರ್ದೋಸ್ ಒಪ್ಪಿದ.

ಮಾರುಸೋಗೆ ಏನು ಹೇಳುವುದು? ಒಬ್ಬ ಗಂಡನನ್ನು ಹೂತವಳು. ಇನ್ನೊಂದು ಸಲ ಅದೇ ಮಾತು ಅವಳ ಕಿವಿಗೆ ಬೀಳಬಾರದು. "ಮೂತ್ರದಲ್ಲಿ ಕಲ್ಲಂತೆ ಕಣೇ. ಶಬ್ದ ಬಿಟ್ಟು ಪುಡಿ ಮಾಡ್ತಾರಂತೆ," ಎಂದ.

"ಓ, ಕಲ್ಲು! ಅದೇನು ಮಹಾ," ಎಂದಳು ಮಾರುಸೋ, ನಗುತ್ತ, ಕಡಲೆಯ ಮಡಕೆಯನ್ನು ಭಟ್ಟಿಯೊಳಕ್ಕೆ ತಳ್ಳುತ್ತ. "ಈ ದ್ವೀಪದಲ್ಲಿ ಕಲ್ಲು ಬಿಟ್ಟು ಇನ್ನೇನು ಬೆಳೆಯುತ್ತೆ!"

ಆ ನಗು ಬೆಚ್ಚಗಿತ್ತು. ಲಿನಾರ್ದೋಸ್ ಆಗ ಗಮನಿಸಲಿಲ್ಲ.

ಗಮನಿಸಿದ್ದು ಒಂದು ವಾರದ ಮೇಲೆ, ನಿಕಿತಾಸನ ಅಂಗಡಿಯಲ್ಲಿ, ತಾವ್ಲಿ ಎಂಬ ದಾಳದಾಟದ ಮಣೆಯ ಮುಂದೆ. ಇಬ್ಬರೂ ಇಷ್ಟು ವರ್ಷದಲ್ಲಿ ಆ ಮಣೆಯ ಮೇಲೆ ಎಷ್ಟು ಸಲ ಜಗಳವಾಡಿದ್ದರೆಂದರೆ, ದಾಳಗಳಿಗೇ ಇಬ್ಬರ ಬೈಗುಳವೂ ಬಾಯಿಪಾಠ. ಅಂದು ಲಿನಾರ್ದೋಸ್ ಗೆದ್ದ. ಮತ್ತೆ ಗೆದ್ದ. ಮೂರನೆಯ ಆಟದಲ್ಲಿ, ಹೊಡೆಯಲು ಕಣ್ಣೆದುರಿಗೇ ಇದ್ದ ಅವನ ಕಾಯಿಯನ್ನು ನಿಕಿತಾಸ್ ಹೊಡೆಯದೆ ಬೇರೆಯದನ್ನು ಸರಿಸಿದ.

"ಹೊಡೀಬಹುದಿತ್ತಲ್ಲೋ," ಎಂದ ಲಿನಾರ್ದೋಸ್.

"ಹೌದಾ? ಕಾಣಲೇ ಇಲ್ಲ ನೋಡು. ಕಣ್ಣು ಮಂಜಾಗಿದೆ ಮಾರಾಯ. ಕಾಫಿ ಇನ್ನೊಂದು ತರಲಾ? ಸಕ್ಕರೆ ಜಾಸ್ತಿ ಹಾಕ್ತೀನಿ."

ಲಿನಾರ್ದೋಸ್ ಕೈಯಲ್ಲಿದ್ದ ದಾಳವನ್ನು ಕೆಳಗಿಟ್ಟ. ನಿಕಿತಾಸ್ ತನ್ನ ಸ್ವಂತ ತಾಯಿಗೇ ಆಟ ಬಿಟ್ಟುಕೊಟ್ಟವನಲ್ಲ. ಕೊಟ್ಟದ್ದು ಒಬ್ಬನಿಗೆ ಮಾತ್ರ. ಅಂದೋನಿಸನ ಕೊನೆಯ ಚಳಿಗಾಲದಲ್ಲಿ ಈ ಅಂಗಡಿಯಲ್ಲಿ ಎಲ್ಲರೂ ಸೇರಿ ಅವನನ್ನು ಗೆಲ್ಲಿಸಿದ್ದರು. "ಕೈ ಕುದುರಿದೆ ಕಣ್ರೋ!" ಎಂದು ಅವನು ಖುಷಿಪಟ್ಟಿದ್ದ. ಗೆಲ್ಲಿಸಿದವರಲ್ಲಿ ಲಿನಾರ್ದೋಸನೂ ಇದ್ದ.

ಊರಿಗೆ ಗೊತ್ತಾದದ್ದು ಆಶ್ಚರ್ಯವಲ್ಲ. ಲಿವಾದಿಯಲ್ಲಿ ಬೆಳಿಗ್ಗೆ ಒಬ್ಬ ಕೆಮ್ಮಿದರೆ ಮಧ್ಯಾಹ್ನದೊಳಗೆ ಗುಡ್ಡದ ಮೇಲಿನ ಊರಿನಲ್ಲಿ ಅವನಿಗೆ ಕಷಾಯ ಕುದಿಯುತ್ತಿರುತ್ತದೆ. ಪಿರೇಯಸ್ಸಿನ ಕಾಗದಗಳೂ ಬಂದು ಬೀಳುವ ಆರೋಗ್ಯ ಕೇಂದ್ರದಲ್ಲಿ ನೆಲ ಒರೆಸುವವಳು ಮಾರುಸೋಳ ನಾದಿನಿ, ಅಷ್ಟು ಸಾಕು. ಲಿನಾರ್ದೋಸನ ಎದೆಗೆ ಚುಚ್ಚಿದ್ದು ಬೇರೆ. ಇವರೆಲ್ಲ ಯಾಕೆ ಸಾಯುವವನಿಗೆ ತೋರಿಸುವ ಕರುಣೆ ತೋರಿಸುತ್ತಿದ್ದಾರೆ? ಚಿಕ್ಕದು ಎಂದಳಲ್ಲ ಡಾಕ್ಟರು? ಅಂದೋನಿಸನಿಗೂ ಬರೀ ಹುಣ್ಣು ಎಂದೇ ಹೇಳಿದ್ದರು. ಅವನಿಗೂ ಏನೋ ಒಂದು ಯಂತ್ರದ ಕೆಳಗೆ ಮಲಗಿಸಿ, ಸುಮ್ಮನೆ ಸದ್ದು ಮಾಡಿಸಿ ಕಳಿಸಿದ್ದರು, ಮನಸ್ಸಿಗೆ ಸಮಾಧಾನವಾಗಲೆಂದು.

ಕೇಳಿಸದ ಶಬ್ದವಂತೆ. ಕೇಳಿಸದ ಶಬ್ದ ಬಿಟ್ಟರೋ ಇಲ್ಲವೋ ಎಂದು ಮಲಗಿದವನಿಗೆ ಹೇಗೆ ಗೊತ್ತಾಗಬೇಕು?

ಅಲ್ಲಿಂದ ಮುಂದೆ ಅವನಿಗೆ ಊರಿನ ಪ್ರತಿ ಒಳ್ಳೆಯ ಮಾತೂ ಶವಪೆಟ್ಟಿಗೆಗೆ ಹೊಡೆದ ಮೊಳೆ. ಮೀನಿನವನು ದೊಡ್ಡ ಮೀನು ಕೊಟ್ಟರೆ ವಾಪಸ್ಸು ಕೊಟ್ಟು ಚಿಕ್ಕದನ್ನು ಕೇಳುವನು. ಪಾದ್ರಿ ಬೀದಿಯ ಆಚೆಯಿಂದ ಕೈಯೆತ್ತಿ ಆಶೀರ್ವದಿಸಿದರೆ ಪಕ್ಕದ ಓಣಿಗೆ ನುಸುಳುವನು. ಒಂದು ದಿನ ನೆರೆಯ ನಾಯಿ ಅವನನ್ನು ನೋಡಿ ಬೊಗಳಲಿಲ್ಲ. ಅಂದು ಅವನು ಊಟ ಮಾಡಲಿಲ್ಲ. ಮಾರುಸೋಳ ಮುಖವನ್ನು ಕದ್ದು ಕದ್ದು ನೋಡುವನು. ಕಣ್ಣಿಗೆ ಕಣ್ಣು ಸಿಕ್ಕಿದ ಕೂಡಲೇ ಅವಳು ನಗುವಳು.

ಯಂತ್ರ ಬರುವ ದಿನ ಬಂತು. "ಕಲ್ಲು ಪುಡಿ ಆಗೋದನ್ನ ನಾನೂ ನೋಡ್ಬೇಕು," ಎಂದು ಮಾರುಸೋ ತಾನೂ ಹಡಗು ಹತ್ತಿದಳು. ದಾರಿಯುದ್ದಕ್ಕೂ ಇಬ್ಬರೂ ಆ ಕಲ್ಲಿನ ವಿಷಯ ಎಷ್ಟು ಮಾತಾಡಿದರೆಂದರೆ, ಪಿರೇಯಸ್ ಮುಟ್ಟುವ ಹೊತ್ತಿಗೆ ಅದರಲ್ಲಿ ಒಂದು ಚರ್ಚು ಕಟ್ಟಬಹುದಿತ್ತು.

ಬೆಳಿಗ್ಗೆ ಆಸ್ಪತ್ರೆಯಲ್ಲಿ ಲಿನಾರ್ದೋಸನ ಹೊಟ್ಟೆ ಖಾಲಿ ಮಾಡಿಸಿ, ಬೆನ್ನು ಕಾಣುವ ಹಸಿರು ಅಂಗಿ ತೊಡಿಸಿ, ಚಕ್ರದ ಮಂಚದ ಮೇಲೆ ಕೂರಿಸಿದರು. ಡಾಕ್ಟರ್ ಥಾಲಿಯಾ ಬಂದಳು. ಅವಳ ಮುಖ ಗಂಟುಹಾಕಿಕೊಂಡಿತ್ತು.

"ನಿಮ್ಮ ಹೆಂಡತಿ ಹೊರಗೆ ನನ್ನ ತೋಳು ಹಿಡ್ಕೊಂಡು ಒಂದಷ್ಟು ಮಾತಾಡಿದ್ರು. ನಿಮ್ಮ ಒಪ್ಪಿಗೆ ಇಲ್ಲದೆ ನಾನು ಅವರಿಗೆ ಏನೂ ಹೇಳೋ ಹಾಗಿಲ್ಲ. ಆದ್ರೆ ನೀವಿಬ್ರೂ ಮಾತಾಡದೆ ನಿಮ್ಮನ್ನ ಒಳಗೆ ಕರ್ಕೊಂಡು ಹೋಗೋಕೆ ನನಗೆ ಮನಸ್ಸಿಲ್ಲ. ಕರೀಲಾ?"

ಆಗಿಹೋಯಿತು, ಎಂದುಕೊಂಡ ಲಿನಾರ್ದೋಸ್. ಮೂಲೆಗೆ ಕರೆದು ಮಾತು ಮುಗಿಸಿದ್ದಾರೆ.

"ಕರೀರಿ. ಆದ್ರೆ ಮೊದಲು ನನ್ನ ಮುಖ ನೋಡಿ ಹೇಳಿ ಡಾಕ್ಟ್ರಮ್ಮ. ನಾನು ಸಾಯ್ತಾ ಇದೀನಾ?"

"ಏನಂದ್ರಿ?"

"ಅವಳಿಗೆ ಏನು ಹೇಳಿದೀರಿ? ಚಿಕ್ಕದು ಅನ್ನೋದು ನನಗೆ, ದೊಡ್ಡದು ಅನ್ನೋದು ಅವಳಿಗೆ, ಅಲ್ವಾ? ಆ ಯಂತ್ರ ನಿಜವಾಗ್ಲೂ ಸುಡುತ್ತಾ, ಇಲ್ಲಾ ಸುಮ್ಮನೆ ದೀಪ ಮಿಣಕಿಸುತ್ತಾ? ಊರಲ್ಲಿ ಎಲ್ರೂ ನನಗೆ ಆಟ ಸೋಲ್ತಾ ಇದಾರೆ!"

ಬಾಗಿಲಲ್ಲಿ ಮಾರುಸೋ ನಿಂತಿದ್ದಳು. ಡಾಕ್ಟರು ಅವಳನ್ನು ಒಳಗೆ ಎಳೆದು ಬಾಗಿಲು ಹಾಕಿದಳು.

"ಹೇಳ್ತೀನಿ ಕೇಳಿ. ನಾನು ಇವರಿಗೆ ಒಂದು ಅಕ್ಷರ ಹೇಳಿಲ್ಲ. ಇವರೇ ನನಗೆ ಹೇಳಿದ್ದು. 'ನನ್ನ ಗಂಡನಿಗೆ ಆ ಕೆಟ್ಟದ್ದು ಇದೆ, ಪಾಪ ಅವನಿಗೆ ಗೊತ್ತಿಲ್ಲ, ಕಲ್ಲು ಅಂದ್ಕೊಂಡಿದಾನೆ. ಅವನು ನಿದ್ದೆಯಲ್ಲಿರುವಾಗ ಎಲ್ಲಾ ಬುಡಸಮೇತ ಕಿತ್ತುಬಿಡಿ, ಎದ್ದಮೇಲೆ ಕಲ್ಲು ದೊಡ್ಡದಿತ್ತು ಅಂತ ನಾನು ಹೇಳ್ಕೋತೀನಿ' ಅಂದ್ರು."

ಮಾರುಸೋ ಮಂಚದ ಕಡೆ ತಿರುಗಿದಳು.

"ನಿನಗೆ ಗೊತ್ತಿತ್ತಾ?" ಎಂದಳು ಮಾರುಸೋ.

"ನಿನಗೆ ಗೊತ್ತಿತ್ತಾ?" ಎಂದ ಲಿನಾರ್ದೋಸ್.

"ಕತ್ತೆ! ಕಲ್ಲಂತೆ ಕಲ್ಲು! ಹಡಗಿನ ತುಂಬ ನನ್ನ ಕೈಲಿ ಕಲ್ಲಿನ ಮಾತಾಡಿಸಿದೀಯಲ್ಲೋ!"

"ನೀನು ನನ್ನನ್ನ ನಿದ್ದೆಯಲ್ಲಿ ಕತ್ತರಿಸೋಕೆ ಕೊಟ್ಟಿದೀಯಲ್ಲೇ, ಬ್ರೆಡ್ ಥರ!"

"ಕೊಡ್ತೀನಿ! ಇನ್ನೂ ಕೊಡ್ತೀನಿ! ಎಲ್ಲಾ ತೆಗೀರಿ ಡಾಕ್ಟ್ರೇ. ಶಬ್ದ ಬಿಟ್ಟು ಸುಡೋದಂತೆ! ನಾನು ಒಬ್ಬನ್ನ ಮಣ್ಣಿಗೆ ಕೊಟ್ಟು ಬಂದವಳು. ನನಗೆ ಇವನು ಬೇಕು, ಇವನ ಆ ಇದು ಎಲ್ಲಾ ಬೇಕಾಗಿಲ್ಲ."

ಹಸಿರು ಅಂಗಿಯ ಹಿಂಬದಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಲಿನಾರ್ದೋಸ್ ಮಂಚದಿಂದ ಇಳಿದ. "ನನಗೆ ಬೇಕು ಮಾರುಸೋ. ಅರವತ್ತು ವರ್ಷ ಗೋಡೆ ನೋಡ್ಕೊಂಡು ಮಲಗಿದವನು ನಾನು. ನಿನ್ನ ಪಕ್ಕ ಒದ್ದೆ ಬಟ್ಟೆ ಕಟ್ಕೊಂಡು ಮಲಗೋಕೆ ನನಗಿಷ್ಟ ಇಲ್ಲ. ಡಾಕ್ಟ್ರಮ್ಮ, ಇದು ಬಿಟ್ಟು ಅದು ಮಾಡಿದ್ರೆ ನಾನು ಹೆಚ್ಚು ಬದುಕ್ತೀನಾ? ಖಂಡಿತ?"

"ಖಂಡಿತ ಅಂತ ಯಾರೂ ಹೇಳೋಕಾಗಲ್ಲ. ನಿಮ್ಮದು ಇಷ್ಟು ಚಿಕ್ಕದಿರುವಾಗ ಇದೂ ಸರಿಯಾದ ದಾರಿನೇ. ಮರಳಿ ಬಂದ್ರೆ ತೆಗೆಯೋ ದಾರಿ ಆಗಲೂ ಇದೆ. ಅದನ್ನ ಮೊದಲೇ ಹಿಡೀಬೇಕು ಅಂದ್ರೆ ನೀವು ಪರೀಕ್ಷೆಗೆ ಬರ್ತಾನೇ ಇರಬೇಕು, ನಾನು ಹೇಳಿದ್ದನ್ನ ನೀವು ನಂಬಬೇಕು."

"ನಿಮ್ಮನ್ನ ನಂಬ್ತೀನಿ," ಎಂದ ಅವನು. ಆಮೇಲೆ ಹೆಂಡತಿಯ ಕಡೆ ನೋಡಿದ. "ಇವಳನ್ನ ಹೇಗೆ ನಂಬಲಿ? ಅಂದೋನಿಸ್ ಸಾಯ್ತಾ ಇದ್ದಾಗ ಇವಳು ನಗ್ತಾ ಇದ್ದದ್ದು ನಾನು ನೋಡಿದೀನಿ. ಇಷ್ಟು ದಿನದಿಂದ ನನಗೂ ಅದೇ ನಗು ಬಡಿಸ್ತಾ ಇದಾಳೆ."

ಮಾರುಸೋಗೆ ಅದು ಕಪಾಳಕ್ಕೆ ಬಿದ್ದ ಏಟಿನಂತೆ ತಾಗಿತು. ಅವಳು ಕುರ್ಚಿಯ ಮೇಲೆ ಕುಸಿದಳು. "ಅವನಿಗೂ ಗೊತ್ತಿತ್ತು ಅನ್ಸುತ್ತೆ ಕಣೋ," ಎಂದಳು ಮೆಲ್ಲಗೆ. "ನೀಲಿ ಅಂದಾಗ ನನ್ನ ಕೈ ಹಿಡ್ಕೊಂಡ. ನಾನು ಆಗಲೂ ನಕ್ಕೆ. ಹಾಗಾಗಿ ಅವನಿಗೆ ಏನು ಹೇಳೋದಿತ್ತೋ, ಹೇಳಲೇ ಇಲ್ಲ."

ನರ್ಸು ತಲೆ ಹಾಕಿ, ಯಂತ್ರ ಸಿದ್ಧವಾಗಿದೆ, ಮಧ್ಯಾಹ್ನ ಬೇರೆ ಊರಿಗೆ ಹೋಗಬೇಕು ಎಂದಳು. ಮಾರುಸೋ ಎದ್ದಳು. "ಸುಡ್ಲಿ," ಎಂದಳು. "ಆದ್ರೆ ಪರೀಕ್ಷೆಯ ಸುದ್ದಿ ನನಗೇ ಬರಬೇಕು."

"ನಿನಗೇ ಬರಲಿ," ಎಂದ ಲಿನಾರ್ದೋಸ್. ಆ ಮಾತು ಬಾಯಿಂದ ಬಿದ್ದ ಮೇಲೆ ಅವನಿಗೇ ಭಯವಾಯಿತು.

ಒಳಗೆ ನಡೆದದ್ದು ಅವನಿಗೆ ಗೊತ್ತಿಲ್ಲ. ಮಂಪರು ಕೊಟ್ಟು, ಮಗ್ಗುಲಿಗೆ ಮಲಗಿಸಿ, ತಣ್ಣೀರು ಹರಿಯುವ ಕೊಳವೆಯನ್ನು ಹಿತ್ತಲ ಬಾಗಿಲಿನಿಂದ ಇಟ್ಟು, ಪರದೆಯ ಮೇಲೆ ಗ್ರಂಥಿಯ ನಕ್ಷೆ ಬಿಡಿಸಿ, ಡಾಕ್ಟರು ಆ ಎಡಗಡೆಯ ಮೂಲೆಯನ್ನು ಕಾಳು ಕಾಳಾಗಿ ಸುಟ್ಟಳು. ಹೊರಗೆ ಮಾರುಸೋ ಕುಳಿತಿದ್ದ ಬೆಂಚಿನ ಪಕ್ಕದ ಗೋಡೆಗೆ ಕಿವಿಯಿಟ್ಟು ಕೇಳಿದಳು. ಏನೂ ಕೇಳಲಿಲ್ಲ. ಕೇಳದಿದ್ದುದರಿಂದ ಅವಳ ಭಯ ಇಮ್ಮಡಿಯಾಯಿತು. ಗೋಡೆಯ ಸುಣ್ಣದಲ್ಲಿ ಅವಳ ಕಿವಿಯ ಗುರುತು ಇಂದಿಗೂ ಇದೆ. ನರ್ಸುಗಳು ಅದಕ್ಕೆ ಪೆನ್ನು ಸಿಕ್ಕಿಸುತ್ತಾರೆ.

ಲಿನಾರ್ದೋಸ್ ಮೂತ್ರದ ಕೊಳವೆ, ಚೀಲ ಹೊತ್ತು ಊರಿಗೆ ಬಂದ. ಅದು ಕಳಚಿದ ಮೇಲೂ ಕೆಲವು ವಾರ ಉರಿ, ರಕ್ತ, ಅವಸರ ಎಲ್ಲ ಇದ್ದವು. ಬೇಸಿಗೆಯಲ್ಲಿ ಒಂದು ದಿನ ಮಾರುಸೋ ಭಟ್ಟಿಯಲ್ಲಿ ಬ್ರೆಡ್ ಕರಕಲು ಮಾಡಿದಳು. ಭಟ್ಟಿ ಬಿಟ್ಟು ಎಲ್ಲಿಗೆ ಹೋಗಿದ್ದೆ ಎಂದು ಗಿರಾಕಿಗಳು ಕೇಳಿದಾಗ ಕೆಂಪಾದಳು. ಬಂದರಿಗೆಲ್ಲ ಆ ವಿಷಯ ಅಷ್ಟರಿಂದಲೇ ತಿಳಿಯಿತು. ಕಪ್ಪು ಬ್ರೆಡ್ಡನ್ನು ಎಲ್ಲರೂ ತಿಂದರು.

ಶರತ್ಕಾಲದಲ್ಲಿ ಮತ್ತೆ ರಕ್ತ ಕೊಟ್ಟು, ಚಿತ್ರ ತೆಗೆಸಿ ಬಂದರು. ಫಲಿತಾಂಶಕ್ಕೆ ಕಾಯುವ ದಿನಗಳಲ್ಲಿ ಲಿನಾರ್ದೋಸನಿಗೆ ಒಂದೇ ಯೋಚನೆ: ಸುದ್ದಿ ಕೆಟ್ಟದ್ದಾದರೆ ಅವಳು ನಗುತ್ತಾಳೆ. ಒಳ್ಳೆಯದಾದರೂ ನಗುತ್ತಾಳೆ. ತನಗೆ ವ್ಯತ್ಯಾಸ ಹೇಗೆ ತಿಳಿಯಬೇಕು? ಡಾಕ್ಟರಿಗೆ ತಾನೇ ಫೋನು ಮಾಡಲೆಂದು ಎಷ್ಟೋ ಸಲ ಕೈಗೆತ್ತಿಕೊಂಡು ಇಟ್ಟ.

ಅಂದು ದಕ್ಷಿಣದ ಗಾಳಿ. ಹಡಗು ಹಿಂಬದಿ ತಿರುಗಿಸಿ ಕಟ್ಟೆಗೆ ಬರುತ್ತಿತ್ತು, ಇಳಿಯುವವರು ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ಒತ್ತರಿಸಿದ್ದರು. ಹಗ್ಗ ಹಾರಿಬಂತು. ಲಿನಾರ್ದೋಸ್ ಹಿಡಿದ. ಅದೇ ಹೊತ್ತಿಗೆ ಭಟ್ಟಿಯ ಬಾಗಿಲಿನಿಂದ ಮಾರುಸೋ, ಮೈಯೆಲ್ಲ ಹಿಟ್ಟು, ಕೈಯಲ್ಲಿ ಫೋನು, ಓಡಿಬಂದಳು.

"ಎಲ್ಲಾ ಚೆನ್ನಾಗಿದೆ ಕಣೋ!" ಎಂದಳು. ಮತ್ತು ನಕ್ಕಳು. ಬೆಚ್ಚಗೆ.

ಲಿನಾರ್ದೋಸನ ಕೈ ನಿಂತುಹೋಯಿತು. ಹಗ್ಗ ಅವನ ಹಿಡಿತದಲ್ಲಿ ಸರಸರನೆ ಜಾರತೊಡಗಿತು. ಹಡಗಿನ ಮೇಲಿನಿಂದ ಕೂಗಿದರು: "ಏ ಮುದುಕಾ, ಕಟ್ಟೋ! ಸತ್ತೆಯಾ?"

ಅವನು ಗೂಟದ ಕಡೆ ನೋಡಲಿಲ್ಲ. ಅವಳ ಮುಖವನ್ನೇ ನೋಡುತ್ತಿದ್ದ. ಅವಳೂ ನೋಡಿದಳು. ಅವಳ ನಗು ಒಂದು ಕಡೆಯಿಂದ ನಡುಗಿ, ಕುಸಿದು, ಬಿದ್ದುಹೋಯಿತು.

"ಇಲ್ಲ. ತಾಳು. ಎಲ್ಲಾ ಅಲ್ಲ," ಎಂದಳು. ಎಂಜಿನಿನ ಅಬ್ಬರಕ್ಕೆ ಅವಳ ದನಿ ಮುಳುಗಿತು. ಆಗ ಎರಡೂ ಕೈಗಳನ್ನು ಬಾಯಿಯ ಸುತ್ತ ಕೂಡಿಸಿ, ಹಡಗಿನ ಶಿಳ್ಳೆಯೇ ನಾಚುವಂತೆ ಕಿರುಚಿದಳು: "ಸುಟ್ಟ ಕಡೆ ಕ್ಯಾನ್ಸರ್ ಇಲ್ಲ! ಅಂಕಿ ಮೂರರಲ್ಲೊಂದು ಪಾಲಿಗೆ ಇಳಿದಿದೆ! ಆದ್ರೆ ಬಲಗಡೆ ಒಂದು ನೆರಳು ಕಾಣ್ತಿದೆಯಂತೆ! ಏನೂ ಇಲ್ದೆ ಇರಬಹುದು, ಇರಲೂಬಹುದು! ಚಳಿಗಾಲದಲ್ಲಿ ಮತ್ತೆ ಸೂಜಿ ಹಾಕ್ಬೇಕು! ನನಗೆ ಹೆದರಿಕೆ ಆಗ್ತಿದೆ ಲಿನಾರ್ದೋ!"

ಬಂದರಿನಲ್ಲಿ ಎಲ್ಲರೂ ಕಲ್ಲಾದರು. ಆ ಮಾತನ್ನು ಲಿವಾದಿಯ ಕಟ್ಟೆಯ ಮೇಲೆ ಹಗಲು ಹೊತ್ತಿನಲ್ಲಿ ಯಾರೂ ಕೂಗಿದ್ದಿಲ್ಲ. ಪೆಟ್ಟಿಗೆ ಹಿಡಿದ ಮುದುಕಿಯರು ಎದೆಯ ಕಡೆ ಉಗುಳಿಕೊಂಡರು. ಕಡಲಹಕ್ಕಿಗಳು ಗಾಳಿಯಲ್ಲೇ ಒಂದು ಕ್ಷಣ ರೆಕ್ಕೆ ಬಡಿಯುವುದನ್ನು ಮರೆತವು.

ಲಿನಾರ್ದೋಸ್ ಜಾರುತ್ತಿದ್ದ ಹಗ್ಗವನ್ನು ಮತ್ತೆ ಬಿಗಿಹಿಡಿದು, ಹೆಗಲು ಕೊಟ್ಟು ಎಳೆದು, ಅದರ ಕುಣಿಕೆಯನ್ನು ಗೂಟಕ್ಕೆ ಹಾಕಿದ. ನಾಲ್ಕು ತಿಂಗಳಾಚೆಯ ಸೂಜಿ, ಆ ನೆರಳು, ಎಲ್ಲ ಅವನ ಮುಂದೆ ನಿಂತೇ ಇದ್ದವು. ಆದರೂ ನಿಕಿತಾಸ್ ಸೋತುಕೊಟ್ಟ ಆ ದಿನದಿಂದೀಚೆ ಮೊದಲ ಸಲ ಅವನ ಉಸಿರು ಹೊಟ್ಟೆಯವರೆಗೆ ಇಳಿಯಿತು.

"ಬಲಗಡೆ ಅಂದ್ಯಾ?" ಎಂದು ತಿರುಗಿ ಕೂಗಿದ.

"ಬಲಗಡೆ!"

"ಚಿಕ್ಕದಾ ದೊಡ್ಡದಾ?"

"ಗೊತ್ತಿಲ್ವಂತೆ! ಡಾಕ್ಟರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ!"

"ಸರಿ," ಎಂದ ಲಿನಾರ್ದೋಸ್. "ಸೂಜಿಗೆ ಒಟ್ಟಿಗೆ ಹೋಗೋಣ. ಬಾ, ಈ ಇನ್ನೊಂದು ಹಗ್ಗ ಸ್ವಲ್ಪ ಹಿಡ್ಕೋ, ಗಾಳಿ ಜೋರಿದೆ."

ಮಾರುಸೋ ಹಿಟ್ಟಿನ ಕೈಯಲ್ಲೇ ಹಗ್ಗ ಹಿಡಿದಳು.